ಕನ್ಯಾಸಮ್ಮತಿಯ ಶಾಸನ

ತೋರಣಗಿರಿಯ ಏಳು ಸುತ್ತಿನ ಕೋಟೆಯ ಮೇಲೆ ಎಳೆಬಿಸಿಲು ಹರಡುತ್ತಿದ್ದಂತೆ, ಹೂವಾಡಗಿತ್ತಿಯರಿಂದಲೂ ಕುದುರೆ ವರ್ತಕರಿಂದಲೂ ಕಿಕ್ಕಿರಿದಿದ್ದ ರಾಜಬೀದಿ ಅರಮನೆಯತ್ತ ಸಾಗಿತ್ತು. ಕನ್ಯೆಯ ಬಾಯಿಂದಲೇ ಸಮ್ಮತಿ ಬಾರದ ವಿವಾಹ ಇನ್ನು ವಿವಾಹವೇ ಅಲ್ಲವೆಂಬ ಶಾಸನಕ್ಕೆ ಅಂದು ರಾಜಮುದ್ರೆ ಬೀಳಬೇಕಿತ್ತು.

ಅದನ್ನು ರಚಿಸಿದ ಮಂತ್ರಿ ಬಾಚರಸನಿಗೆ ಮಾತ್ರ ಆ ಸಂಭ್ರಮವಿರಲಿಲ್ಲ. ಹಿಂದಿನ ದಿನ ಮಂತ್ರಾಲೋಚನೆಯಲ್ಲಿ ದಂಡನಾಯಕ ರೇಚಣ ಎದ್ದು ನಿಂತು ಹೇಳಿದ್ದ:

“ಪ್ರಭು, ನನ್ನ ಮಗನಿಗೆ ಹೆಣ್ಣು ಕೊಡಲೊಲ್ಲದೆ ಬಾಚರಸರು ಈ ಕಟ್ಟಳೆ ಹೆಣೆದಿದ್ದಾರೆ. ಮೊದಲು ಅವರ ಮಗಳನ್ನೇ ಸಭೆಯಲ್ಲಿ ಕೇಳೋಣ. ಒಪ್ಪಿದರೆ ನನ್ನ ಸೊಸೆ. ಒಲ್ಲೆನೆಂದರೆ ಶಾಸನಕ್ಕೆ ನಾನೂ ತಲೆಬಾಗುವೆ. ಆದರೆ ನನ್ನ ಮನೆತನವನ್ನು ಅವಮಾನಿಸಿದ ಮಂತ್ರಿ ಗಿಡುಗನದುರ್ಗದ ಸೆರೆಯಲ್ಲೇ ಬಾಳು ಸವೆಸಬೇಕು.”

ಗಡಿಯಲ್ಲಿ ಶತ್ರು, ಹತ್ತು ಸಾವಿರ ಕುದುರೆ ರೇಚಣನ ಕೈಯಲ್ಲಿ. ವೃದ್ಧ ಅರಸ ಸೋಮದೇವ ಬಾಚರಸನ ಕಣ್ಣು ತಪ್ಪಿಸಿ ‘ಹಾಗೇ ಆಗಲಿ’ ಎಂದುಬಿಟ್ಟಿದ್ದ. ಸೆರೆಯ ಆ ಷರತ್ತು ಹೊರಬೀಳಬಾರದೆಂದು ಆಣೆಯಾಗಿತ್ತು. ಮಗಳಿಗೆ ತಿಳಿಸುವ ಅನುಮತಿ ತಂದೆಗೊಬ್ಬನಿಗೆ. ತಂದೆಯ ಸೆರೆಯ ಸುದ್ದಿ ಕೇಳಿ ಯಾವ ಮಗಳು ತಾನೇ ಒಲ್ಲೆನೆಂದಾಳು? ರೇಚಣನ ಎಣಿಕೆ ಅದೇ. ಹೇಳಿದರೆ ಮಗಳ ಬಾಳೂ ಹೋಗುತ್ತದೆ, ಶಾಸನದ ಮೊದಲ ಸಮ್ಮತಿಯೇ ಬಲವಂತದ್ದಾಗುತ್ತದೆ. ಹೇಳದಿದ್ದರೆ ತನಗೆ ಸೆರೆಯ ಕತ್ತಲ ಕೋಣೆ. ಮೂರನೆಯ ದಾರಿ ಎಷ್ಟು ಹುಡುಕಿದರೂ ಬಾಚರಸನಿಗೆ ಹೊಳೆಯಲಿಲ್ಲ.

ಪಲ್ಲಕ್ಕಿ ಏರುವ ಮುನ್ನ ಮಗಳು ಲಕ್ಕಲೆ ಕೇಳಿದಳು: “ಅಪ್ಪಾಜಿ, ಸಭೆಯಲ್ಲಿ ದಂಡನಾಯಕರ ಮಗನ ಬಗ್ಗೆ ಕೇಳಿದಾಗ ನಾನೇನು ಹೇಳಬೇಕೆಂದು ನಿಮ್ಮ ಮನಸ್ಸಿನಲ್ಲಿದೆ?”

ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡ.

“ನನ್ನ ಮನಸ್ಸು ಬೇಡ ತಾಯಿ. ನಿನ್ನದನ್ನು ಹೇಳು.”

“ಮುಗ್ಗರಿಸಿದ ಕುದುರೆಯನ್ನು ಚಾವಟಿಯಿಂದ ಹೊಡೆದು ಕೊಂದವನು ಆತ. ನನಗೆ ಬೇಡ.”

“ಹಾಗಾದರೆ ಅದನ್ನೇ ಹೇಳು.”

ತುಂಬಿದ ಸಭೆಯಲ್ಲಿ ಅವಳು ಅದನ್ನೇ ಹೇಳಿದಳು. ರೇಚಣ ನಂಬಲಾರದೆ ಬಾಚರಸನನ್ನು ನೋಡಿದ. ಕೊಟ್ಟ ಮಾತಿಗೆ ಸಿಕ್ಕಿ, ಶಾಸನಕ್ಕೆ ತಲೆಬಾಗಿದ. ಅರಸ ಅದಕ್ಕೆ ಮುದ್ರೆಯೊತ್ತಿದ. ಭಟರು ಮುಂದೆ ಬಂದು ಮಂತ್ರಿಯ ಕೈಗೆ ಸಂಕೋಲೆ ತೊಡಿಸಿದರು.

ನಡೆದುದನ್ನು ತಿಳಿದ ಲಕ್ಕಲೆ ಓಡಿಬಂದು ತಂದೆಯ ಕಾಲು ಹಿಡಿದಳು. “ನನಗೇಕೆ ಹೇಳಲಿಲ್ಲ? ಗೊತ್ತಿದ್ದರೆ ಒಪ್ಪುತ್ತಿದ್ದೆನಲ್ಲ ಅಪ್ಪಾಜಿ!”

“ಅದಕ್ಕೇ ಹೇಳಲಿಲ್ಲ, ಮಗಳೇ.”

ಅರಸ ಸಿಂಹಾಸನದಿಂದಿಳಿದು, ಕಿರೀಟ ತೆಗೆದು, ಸೆರೆಯಾಳಿಗೆ ಕೈಮುಗಿದ. ಬಾಚರಸ ಸಂಕೋಲೆಯ ಕೈಗಳನ್ನೆತ್ತಿ ಪ್ರತಿವಂದಿಸಿದ. ಮಗಳ ತಲೆಯನ್ನೊಮ್ಮೆ ಸವರಿ, ಭಟರಿಗಿಂತ ಒಂದು ಹೆಜ್ಜೆ ಮುಂದಾಗಿಯೇ ಗಿಡುಗನದುರ್ಗದ ಹಾದಿ ಹಿಡಿದ.