ಮೂವತ್ತನಾಲ್ಕನೇ ಪುಟದ ಉಪ್ಪು

ಪ್ರಾಚಾರ್ಯರ ಮೇಜಿನ ಮೇಲೆ ಅರ್ಥಶಾಸ್ತ್ರ ಟಿಪ್ಪಣಿಯ ಎರಡು ಫೈಲುಗಳು ತೆರೆದು ಬಿದ್ದಿದ್ದವು. ಒಂದರ ಅಕ್ಷರ ಸಾಸಿವೆ ಕಾಳಿನಷ್ಟು ಸಣ್ಣದು. ಇನ್ನೊಂದರದು ದುಂಡಗೆ, ದೊಡ್ಡದು. ಬರೆದದ್ದು ಮಾತ್ರ ಒಂದೇ—ಸಾಲಿಗೆ ಸಾಲು, ಪದಕ್ಕೆ ಪದ!

“ಇಬ್ಬರಾಗ ಒಬ್ಬರು ಕದ್ದಾರ,” ಪ್ರಾಚಾರ್ಯ ಶಿದ್ರಾಮಪ್ಪನವರ ದನಿ ಗಡುಸಾಗಿತ್ತು. “ಯಾರು?”



ಮೇಜಿನ ಮುಂದೆ ವೈಶಾಲಿ ನಿಂತಿದ್ದಳು; ಸಣ್ಣ ಅಕ್ಷರದ ಫೈಲು ಅವಳದು. ಜಮಖಂಡಿಯ ಈ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಅವಳದು. ದಿನವೂ ಹಿಪ್ಪರಗಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಪಕ್ಕದಲ್ಲಿ ನಿಂತಿದ್ದವನು ಮಹಾಲಿಂಗ—ಪಿ.ಯು.ಸಿ.ಯಲ್ಲಿ ತಾಲ್ಲೂಕಿಗೇ ಮೊದಲಿಗ. ಬಸ್ ನಿಲ್ದಾಣದ ಎದುರಿನ ಫ್ಲೆಕ್ಸಿನಲ್ಲಿ ಅವನ ಫೋಟೊ ಇನ್ನೂ ನಗುತ್ತಿತ್ತು. ಇಬ್ಬರಲ್ಲಿ ಯಾರ ಮಾತನ್ನು ನಂಬುತ್ತಾರೆ? ಅವಳಿಗೆ ಗೊತ್ತಿತ್ತು.

ತಪ್ಪಿತಸ್ಥರಿಗೆ ಅರ್ಥಶಾಸ್ತ್ರದ ಆಂತರಿಕ ಅಂಕ ಸೊನ್ನೆ. ಹೆಸರು ನೋಟಿಸ್ ಬೋರ್ಡಿಗೆ. ಅದಕ್ಕೂ ಮೊದಲು ಅವಳ ಅಪ್ಪನಿಗೆ ಫೋನ್ ಹೋಗಿತ್ತು. ಮಹಾಲಿಂಗನ ಮನೆಗೆ ಯಾಕೋ ಹೋಗಿರಲಿಲ್ಲ.

ಅಪ್ಪ ಅಮಸಿದ್ದಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ, ಹೆಗಲ ಮೇಲೆ ಕಂಬಳಿ. ಕಬ್ಬು ಕಡಿಯುವ ಕೆಲಸ ಅರ್ಧಕ್ಕೆ ಬಿಟ್ಟು ಬೈಕ್ ಏರಿ ಬಂದಿದ್ದ. ಅವಳು ಒಳಗೆ ಬರುವ ಮುಂಚೆ ಮಗಳನ್ನು ಒಂದೇ ಮಾತು ಕೇಳಿದ್ದ.

“ನೀ ಮಾಡೀಯೇನು?”

“ಇಲ್ಲಪ್ಪಾ.”

“ಮತ್ತ ಹೆದರತೀ ಯಾಕ? ನಡಿ ಒಳಗ.”

ಆದರೆ ಅವಳಿಗೆ ಹೆದರಿಕೆಗಿಂತ ಸಂಕಟ ಹೆಚ್ಚಾಗಿತ್ತು. ಆ ಫೈಲೆಂದರೆ ಅವಳ ಜೀವ. ಮೊದಲ ವಾರಗಳಲ್ಲಿ ಅರ್ಥಶಾಸ್ತ್ರದ ಮೇಡಂ ಆಡಿದ ಪ್ರತಿ ಮಾತನ್ನೂ ಬರೆದುಕೊಳ್ಳಲು ಹೋಗಿ ಅವಳ ಬೆರಳು ಸೆಟೆದುಕೊಂಡಿದ್ದವು. ಮನೆಗೆ ಬಂದು ಓದಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಆಮೇಲೆ ತಾನೇ ಒಂದು ದಾರಿ ಮಾಡಿಕೊಂಡಳು. ಹಾಳೆಗೆ ಉದ್ದಕ್ಕೆ ಗೆರೆ ಎಳೆದು ಬಲಗಡೆ ಅಗಲ ಜಾಗ ಬಿಟ್ಟಳು. ಅಲ್ಲಿ ಪಾಠದ ತಿರುಳು ಮಾತ್ರ. ಎಡಗಡೆಯ ಸಣ್ಣ ಪಟ್ಟಿಯಲ್ಲಿ ಸಂಜೆ ಮನೆಯಲ್ಲಿ ಓದುವಾಗ ಹುಟ್ಟುವ ಪ್ರಶ್ನೆಗಳು. ಅಡಿಯಲ್ಲಿ ಇಡೀ ಪುಟದ ಸಾರ, ತನ್ನದೇ ಮಾತಿನಲ್ಲಿ. ಮುಂದೆ ಎಂದೋ ಒಂದು ದಿನ ಪ್ರಶ್ನೆಗೆ ಉತ್ತರ ಸಿಕ್ಕರೆ ಅಲ್ಲಿಗೊಂದು ಬಾಣ, ಬಾಣದ ಮುಂದೆ ಆ ಪುಟದ ನಂಬರು. ತಾನು ಕಟ್ಟಿದ ಮನೆ ಅದು ಎನ್ನುವಷ್ಟು ಹೆಮ್ಮೆ ಅವಳಿಗೆ.

ಮೂಲೆಯ ಕುರ್ಚಿಯಿಂದ ಮಧುಮತಿ ಮೇಡಂ ಎದ್ದು ಬಂದರು. ಅರ್ಥಶಾಸ್ತ್ರದ ಅಧ್ಯಾಪಕಿ. ಎರಡು ಫೈಲು ಒಂದೇ ಎಂದು ಮೊದಲು ಕಂಡದ್ದು ಅವರಿಗೇ.

“ವೈಶಾಲಿ, ನಿನ್ನ ಫೈಲು ಯಾವಾಗರೆ ಕೈ ಬಿಟ್ಟಿತ್ತೇನು?”

“ಹೌದ್ರಿ ಮೇಡಂ. ಹೋದ ತಿಂಗಳು ಲೈಬ್ರರಿಯಾಗ ಇಟ್ಟಿದ್ದೆ, ಕಾಣಲಿಲ್ಲ. ಮರುದಿನ ಬ್ಯಾರೆ ಟೇಬಲ್ ಮ್ಯಾಲೆ ಸಿಕ್ತರಿ.”

“ಆಗ ಯಾಕ ಹೇಳಲಿಲ್ಲ?”

“ನಾನ ಮರತಿರಬೇಕು ಅಂದ್ಕೊಂಡೆರಿ.”

“ಯಾರರೆ ನಿನ್ನ ಫೈಲು ಕೇಳಿದ್ರೇನು?”

ವೈಶಾಲಿ ತಡವರಿಸಿದಳು. “ಗೌರೀಶ ಕೇಳಿದ್ದರಿ. ನಾ ಕೊಡಲಿಲ್ಲ.”

ಮುಧೋಳದ ಗೌರೀಶನನ್ನು ಕರೆಸಲಾಯಿತು. ತರಗತಿಗಿಂತ ಕ್ಯಾಂಟೀನಿನಲ್ಲೇ ಹೆಚ್ಚು ಕಾಣುವ ಹುಡುಗ. ಮೇಡಂ ಅವನ ಫೈಲು ಬಿಚ್ಚಿದರು. ನಾಲ್ಕೇ ಹಾಳೆ—ಅದರಲ್ಲೊಂದರಲ್ಲಿ ಕ್ರಿಕೆಟ್ ಸ್ಕೋರು.

“ಖರೆ ಹೇಳು. ಲೈಬ್ರರಿಯಾಗ ಅಕಿ ಫೈಲು ತಗೊಂಡವ ನೀನ ಏನು?”

“ಮೇಡಂ, ಲೈಬ್ರರಿ ಯಾವ ದಿಕ್ಕಿಗೈತಿ ಅನ್ನೂದ ನನಗ ಗೊತ್ತಿಲ್ಲರಿ!”

ಪ್ರಾಚಾರ್ಯರಿಗೂ ನಗು ತಡೆಯಲಾಗಲಿಲ್ಲ. ಗೌರೀಶ ಬಚಾವಾಗಿ ಹೊರಗೆ ಹೋದ.

“ಮಹಾಲಿಂಗ, ಈ ಟಿಪ್ಪಣಿ ನಿನ್ನದ?”

“ನಂದರಿ ಮೇಡಂ.”

“ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದ್ರೇನು?”

ಅವನು ನೀರು ಕುಡಿದಂತೆ ಹೇಳಿದ. ಒಂದು ಪದ ತಪ್ಪಲಿಲ್ಲ. ಅದೇ ಪ್ರಶ್ನೆ ವೈಶಾಲಿಗೆ ಬಂದಾಗ ಅವಳ ನಾಲಿಗೆ ತೊದಲಿತು. ಬೆಲೆ ಏರಿದಾಗ ಬೇಡಿಕೆ ಎಷ್ಟು ಇಳಿಯುತ್ತದೆ ಎನ್ನುವುದಕ್ಕೆ ಉದಾಹರಣೆ ಕೊಟ್ಟಳು, ವ್ಯಾಖ್ಯೆ ಅರ್ಧಕ್ಕೇ ನಿಂತಿತು.

“ಇನ್ನೇನು ಬೇಕ್ರಿ ಮೇಡಂ?” ಪ್ರಾಚಾರ್ಯರು ಪೆನ್ನಿನ ಮುಚ್ಚಳ ತೆಗೆದರು. “ಹುಡುಗನ ಫೈಲು ನೋಡಿ ಹುಡುಗಿ ಬರದಾಳ. ಆತಲ್ಲ?”

ವೈಶಾಲಿಯ ಕಣ್ಣು ತುಂಬಿ ಬಂತು. ಆದರೂ ಗಟ್ಟಿಯಾಗಿಯೇ ಹೇಳಿದಳು: “ಸರ್, ಅದು ನಂದ ಐತ್ರಿ. ಒಂದೊಂದು ಸಾಲೂ ನಂದು.”

ಮಧುಮತಿ ಮೇಡಂ ಎರಡೂ ಫೈಲುಗಳನ್ನು ಅಕ್ಕಪಕ್ಕ ಇಟ್ಟು ಪುಟ ತಿರುವಿದರು. ಮುಂದೆ. ಹಿಂದೆ. ಮತ್ತೆ ಮುಂದೆ. ಒಂದು ಕಡೆ ಅವರ ಬೆರಳು ಗಕ್ಕನೆ ನಿಂತಿತು. ಮುಖದಲ್ಲಿ ಸಣ್ಣ ನಗೆ. ಫೈಲುಗಳನ್ನು ಮುಚ್ಚಿ ಒಬ್ಬೊಬ್ಬರ ಕೈಗೆ ಕೊಟ್ಟರು.

“ಇಬ್ಬರ ಫೈಲಿನಾಗೂ ಎಡಗಡೆ ಒಂದು ಪ್ರಶ್ನೆ ಐತಿ—ರೇಷ್ಮೆ ಸೀರೆ ತುಟ್ಟಿಯಾದ್ರ ಜನ ಕೊಳ್ಳೂದು ಬಿಡತಾರ, ಉಪ್ಪು ತುಟ್ಟಿಯಾದ್ರ ಯಾಕ ಬಿಡೂದಿಲ್ಲ? ಉತ್ತರ ಎಲ್ಲಿ ಬರದೀರಿ?”

“ನಾ ಹೇಳಲೇನ್ರಿ ಮೇಡಂ?” ಮಹಾಲಿಂಗ ಮುಂದೆ ಬಂದ.

“ಹೇಳಬ್ಯಾಡ. ತಗದು ತೋರಸು.”

ವೈಶಾಲಿ ಪ್ರಶ್ನೆ ಹುಡುಕಿದಳು. ಪಕ್ಕದಲ್ಲಿ ಬಾಣ, ಮುಂದೆ ಮೂವತ್ತನಾಲ್ಕು. ಪುಟ ತೆರೆದು ಮೇಜಿನ ಮೇಲಿಟ್ಟಳು. ಅಲ್ಲಿತ್ತು ಉಪ್ಪು—ಅದಕ್ಕೆ ಬದಲಿ ವಸ್ತುವಿಲ್ಲ, ಮನೆಯ ಖರ್ಚಿನಲ್ಲಿ ಅದರ ಪಾಲು ತೀರ ಕಡಿಮೆ, ಎಲ್ಲವೂ.

ಮಹಾಲಿಂಗನೂ ಪ್ರಶ್ನೆ ಹುಡುಕಿದ. ಅಲ್ಲಿಯೂ ಬಾಣ, ಅಲ್ಲಿಯೂ ಮೂವತ್ತನಾಲ್ಕು. ಪುಟ ತೆರೆದ. ಅಲ್ಲಿ ಇದ್ದದ್ದು ಪೂರೈಕೆಯ ನಿಯಮ! ಒಂದು ಪುಟ ಹಿಂದೆ ಹೋದ. ಎರಡು ಪುಟ ಮುಂದೆ ಬಂದ.

“ಉಪ್ಪು ಎಲ್ಲೈತಿ ಮಹಾಲಿಂಗ?”

ಅವನು ಮತ್ತೆ ಪುಟ ಮಗುಚತೊಡಗಿದ.

“ನಾ ಹೇಳ್ಲಾ? ನಲವತ್ತೇಳನೇ ಪುಟದಾಗ.” ಮೇಡಂ ಪ್ರಾಚಾರ್ಯರ ಕಡೆ ತಿರುಗಿದರು. “ಸರ್, ನಾವೆಲ್ಲಾ ಮಾತು ನೋಡಿದ್ವಿ, ಬಾಣ ನೋಡಲಿಲ್ಲ. ವೈಶಾಲಿ ಅಕ್ಷರ ಸಣ್ಣದು, ಒಂದು ಪುಟದಾಗ ಭಾಳ ಹಿಡಿಸ್ತಾಳ. ಇವನ ಅಕ್ಷರ ದೊಡ್ಡದು. ಅಕಿ ಮೂವತ್ತನಾಲ್ಕನೇ ಪುಟದಾಗ ಬರದದ್ದು ಇವನ ಫೈಲಿನಾಗ ನಲವತ್ತೇಳಕ್ಕ ಬಂದೈತಿ. ಶಾಣ್ಯಾ ಹುಡುಗ, ಮೊದಲನೇ ಹಾಳ್ಯಾಗಿನ ಅನುಕ್ರಮಣಿಕೆ ತನ್ನ ಪುಟದ ಪ್ರಕಾರ ತಿದ್ದಿ ಬರದಾನ. ಆದರ ಒಳಗಿನ ಬಾಣ? ಅವನ್ನ ಇದ್ದದ್ದು ಇದ್ದಂಗ ಇಳಿಸ್ಯಾನ!”

ಪ್ರಾಚಾರ್ಯರು ತಾವೇ ಎರಡೂ ಫೈಲುಗಳನ್ನು ಎಳೆದುಕೊಂಡರು. ಒಂದು ಬಾಣ, ಎರಡು, ಐದಾರು. ವೈಶಾಲಿಯ ಪ್ರತಿ ಬಾಣವೂ ಸರಿಯಾದ ಜಾಗಕ್ಕೆ ಕರೆದೊಯ್ಯುತ್ತಿತ್ತು. ಮಹಾಲಿಂಗನ ಬಾಣಗಳು ಎಲ್ಲೆಲ್ಲೋ ಹೋಗಿ ಬೀಳುತ್ತಿದ್ದವು.

“ಸ್ವಂತ ಬರದವರು ತಮ್ಮ ಪುಟದ ನಂಬರ್ ಹಾಕತಾರ,” ಎಂದರು ಮೇಡಂ. “ಬ್ಯಾರೇದವರ ಪುಟದ ನಂಬರ್ ಹಾಕೂದು ನಕಲು ಮಾಡಿದವರು. ಕದ್ದವ ಮಹಾಲಿಂಗ.”

ಮಹಾಲಿಂಗ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿನಿಂದಲೇ ಮಾತಾಡಿದ.

“ಮೊಬೈಲಿನಾಗ ಫೋಟೊ ತಕ್ಕೊಂಡೆರಿ. ಪಿ.ಯು.ಸಿ.ಯಾಗ ಸರ್ ನಿಧಾನಕ ಹೇಳಿ ಬರಸತಿದ್ರು, ನಾ ಬಾಯಿಪಾಠ ಮಾಡತಿದ್ದೆ. ಇಲ್ಲಿ ನೀವು ಮಾತಾಡಕೋತ ಹೋಗತೀರಿ. ಏನು ಬರಕೋಬೇಕು, ಏನು ಬಿಡಬೇಕು—ಒಂದೂ ತಿಳೀಲಿಲ್ಲರಿ. ತಾಲ್ಲೂಕಿಗೆ ಮೊದಲು ಬಂದವ ಹೋಗಿ ಯಾರನ್ನ ಕೇಳಲಿ?”

“ನನ್ನ ಕೇಳಬೇಕಿತ್ತು,” ಎಂದಳು ವೈಶಾಲಿ. ಸಿಟ್ಟಿನಿಂದ ಅವನತ್ತ ತಿರುಗಿದಳು. “ಹ್ಯಾಂಗ ಬರಕೋಬೇಕು ಅಂತ ಹೇಳಿಕೊಡತಿದ್ದೆ. ನಮ್ಮಪ್ಪನ್ನ ಇಲ್ಲಿತನಕ ಕರಸೂದು ತಪ್ಪತಿತ್ತು.”

ಮಹಾಲಿಂಗನ ಆಂತರಿಕ ಅಂಕ ಸೊನ್ನೆಯೇ ಆಯಿತು. ನೋಟಿಸ್ ಬೋರ್ಡಿಗೆ ಹೆಸರು ಹಾಕುವುದು ಬೇಡವೆಂದು ಮೇಡಂ ಕೇಳಿಕೊಂಡರು, ಪ್ರಾಚಾರ್ಯರು ಒಪ್ಪಿದರು. ಆಮೇಲೆ ಅವರು ಕುರ್ಚಿಯಿಂದ ಎದ್ದು, ಬಾಗಿಲ ತನಕ ಹೋಗಿ, ಅಮಸಿದ್ದಪ್ಪನಿಗೆ ಕೈ ಮುಗಿದರು.

“ತಪ್ಪು ನಮ್ಮದ ಆತ್ರಿ. ನಿಮ್ಮ ಮಗಳು ಬಂಗಾರದಂಥಾಕಿ.”

ಅಮಸಿದ್ದಪ್ಪ ಎದ್ದು ನಿಂತು ಕಂಬಳಿ ಸರಿಮಾಡಿಕೊಂಡ.

ಗಂಟೆ ಹೊಡೆಯಿತು. ಮಧುಮತಿ ಮೇಡಂ ಸೀಮೆಸುಣ್ಣದ ತುಂಡನ್ನು ವೈಶಾಲಿಯ ಕೈಗೆ ಇಟ್ಟರು. “ಈ ಪಿರಿಯಡ್ ನಂದು. ನಾ ಕೂಡತೀನಿ, ಹ್ಯಾಂಗ ಬರಕೋಬೇಕು ಅಂತ ನೀ ಹೇಳು. ಮಹಾಲಿಂಗ ಒಬ್ಬಂದ ಅಲ್ಲ, ಅರ್ಧ ಕ್ಲಾಸಿನ ಪಾಡು ಇದ ಐತಿ.”

ತರಗತಿ ಕಿಕ್ಕಿರಿದಿತ್ತು. ಮಹಾಲಿಂಗ ಕೊನೆಯ ಬೆಂಚಿನಲ್ಲಿ ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದ. ವೈಶಾಲಿ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

“ಎಲ್ಲಾ ಬರಕೋಬ್ಯಾಡ್ರಿ,” ಎಂದಳು. “ಮೊದಲು ಕೇಳ್ರಿ.”

ಹೊರಗೆ ಕಿಟಕಿಯ ಬಳಿ ಅಮಸಿದ್ದಪ್ಪ ನಿಂತಿದ್ದ. ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಕಬ್ಬಿನ ಟ್ರ್ಯಾಕ್ಟರಿನವನು, ಎಲ್ಲಿದ್ದೀಯೆಂದು ಕೇಳುತ್ತಿದ್ದ. ಅಮಸಿದ್ದಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. ಆ ಪಿಸುಮಾತು ಇಡೀ ಪಡಸಾಲೆಗೆ ಕೇಳಿತು.

“ಆಮ್ಯಾಲ ಮಾಡೋ. ನಮ್ಮ ಹುಡುಗಿ ಕಾಲೇಜಿನ್ಯಾಗ ಪಾಠ ಹೇಳಾಕತ್ತಾಳ!”