ಇಸಾಲಿನ್ ತೆರ್ನೆಯ ಮುಖ

"ಮದಾಮ್ ಏನು ಕೇಳಿದ್ರೂ ಕೊಡು. ನಿನ್ನ ಕೂದಲು ಮಾತ್ರ ಕೊಡ್ಬೇಡ."

ನಟಿಯರಿಗೆ ಉಡುಪು ತೊಡಿಸುವ ಮುದುಕಿ ಝೆಲಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಈ ಮಾತು ಹೇಳಿದಾಗ ಆರ್ಮೆಲ್‌ಗೆ ನಗು ಉಕ್ಕಿ ಬಂತು.

"ಯಾಕಜ್ಜಿ? ನಿಮ್ಮ ಬೆರಿ ಸೀಮೆಯ ಮಾಟಗಾತಿಯರು ನೀಸ್‌ವರೆಗೂ ಬರ್ತಾರಾ? ರೈಲಿಗೆ ಟಿಕೆಟ್ ತಗೋತಾರೋ, ಪೊರಕೆ ಮೇಲೇ ಬರ್ತಾರೋ?"

ಮುದುಕಿ ನಗಲಿಲ್ಲ. "ನಿನ್ನ ಜಾಗದಲ್ಲಿ ಮುಂಚೆ ಇದ್ದೋಳೂ ಹೀಗೇ ನಗ್ತಿದ್ಳು. ಎಲ್ಲಿ ಹೋದ್ಳೋ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ," ಎಂದು ನಡುಪಟ್ಟಿಯನ್ನು ಬಿಗಿದಳು.

ಆರ್ಮೆಲ್ ಬ್ರೆಟನ್ ಕರಾವಳಿಯವಳು. ಅಪ್ಪನ ದೋಣಿ ಸಮುದ್ರದಿಂದ ಮರಳದೆ ಹೋದ ಮೇಲೆ ತಂಗಿ ಸ್ವಾಜಿಗ್‌ಳನ್ನು ಕರೆದುಕೊಂಡು ನೀಸ್‌ಗೆ ಬಂದಿದ್ದಳು. ತಂಗಿಗೆ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸ ಸಿಕ್ಕಿತು. ಅಕ್ಕನ ಎತ್ತರ, ಗಲ್ಲದ ಗೆರೆ ಸಿನಿಮಾ ತಾರೆ ಮದಾಮ್ ಇಸಾಲಿನ್ ತೆರ್ನೆಯದರಂತೆಯೇ ಇದ್ದುದರಿಂದ ಅವಳಿಗೆ ಚಿತ್ರಶಾಲೆಯಲ್ಲಿ ಕೆಲಸವಾಯಿತು. ಕುದುರೆಯಿಂದ ಬೀಳುವುದು, ನೀರಿಗೆ ಹಾರುವುದು, ಮದಾಮ್ ದಣಿದಾಗ ಅವರ ಬದಲಿಗೆ ಉರಿಯುವ ದೀಪಗಳ ಕೆಳಗೆ ನಿಲ್ಲುವುದು. ಫ್ರಾನ್ಸಿನ ಊರೂರಿನ ಗೋಡೆಗಳ ಮೇಲೆ ಇಸಾಲಿನ್‌ಳ ಮುಖವಿತ್ತು. ಯುದ್ಧಕ್ಕೆ ಮುಂಚಿನ ಚಿತ್ರಗಳಲ್ಲೂ, ಈಗಿನ ಚಿತ್ರಗಳಲ್ಲೂ ಒಂದೇ ಮುಖ. ಒಂದು ಗೆರೆ ಹೆಚ್ಚಿರಲಿಲ್ಲ.

ಹತ್ತಿರದಿಂದ ಕಂಡ ಹೆಂಗಸೇ ಬೇರೆ. ಉರಿಬಿಸಿಲಿನ ಮಧ್ಯಾಹ್ನದಲ್ಲೂ ಅವಳ ಕೋಣೆಯ ಪರದೆಗಳು ಮುಚ್ಚಿದ್ದವು. ನೇರಳೆ ಹೂವಿನ ಅತ್ತರಿನ ಅಡಿಯಲ್ಲಿ ಸುಟ್ಟ ಕೂದಲಿನದೂ ಹಳಸಿದ ಕೊಬ್ಬಿನದೂ ವಾಸನೆ ಮಡುಗಟ್ಟಿತ್ತು. ಸುಣ್ಣದಂತೆ ದಪ್ಪವಾಗಿ ಬಳಿದ ಪೌಡರು. ಅದರೊಳಗಿಂದ ನೋಡುವ ಎರಡು ಕೆಂಪು ಕಣ್ಣುಗಳು.

"ಮನೇಲಿ ಯಾರಿದ್ದಾರೆ ನಿಂಗೆ?"

"ತಂಗಿ, ಮದಾಮ್."

"ಅವಳಿಗೆ ನಿನ್ನ ಕಂಡ್ರೆ ತುಂಬಾ ಪ್ರೀತಿನಾ?"

"ಜಗಳ ಆಡದೆ ಇದ್ದಾಗ."

ಇಸಾಲಿನ್ ಅವಳ ಕೆಂಚು ಗುಂಗುರುಗಳನ್ನೇ ನೋಡಿದಳು. ಆಮೇಲೆ, ಭಿಕ್ಷೆ ಬೇಡುವವರ ದನಿಯಲ್ಲಿ, ಟೋಪನ್ನಿನ ಬಣ್ಣ ಹೊಂದಿಸಲು ಒಂದು ಎಳೆ ಕೂದಲು ಬೇಕೆಂದಳು.

ಆರ್ಮೆಲ್‌ಗೆ ಮುದುಕಿಯ ಮಾತು ನೆನಪಾಗಿ ತುಟಿಯಂಚಿನಲ್ಲಿ ನಗು ಮೂಡಿತು. ತಾನೇ ಕತ್ತರಿ ತೆಗೆದುಕೊಂಡು ಒಂದು ಗುಂಗುರನ್ನು ಕತ್ತರಿಸಿ ಕೊಟ್ಟಳು. ಇಸಾಲಿನ್ ಅದನ್ನು ತುಟಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ವಾರ, ತೆಗೆದ ದೃಶ್ಯಗಳನ್ನು ನೋಡಲು ಎಲ್ಲರೂ ಕತ್ತಲೆ ಕೋಣೆಯಲ್ಲಿ ಸೇರಿದರು. ಯಂತ್ರ ಟರಟರ ತಿರುಗಿತು. ಪರದೆಯ ಮೇಲೆ ಆರ್ಮೆಲ್ ಕುದುರೆ ಓಡಿಸಿಕೊಂಡು ಬಂದಳು. ಉಡುಪು ಇತ್ತು. ಟೋಪಿ ಇತ್ತು. ಟೋಪಿಯ ಕೆಳಗೆ ಬೂದುಬಣ್ಣದ ಕಲೆಯೊಂದು ಅಲುಗುತ್ತಿತ್ತು.

"ಕ್ಯಾಮೆರಾದ ಗಾಜಿಗೆ ಕೊಳೆ ಹತ್ತಿರಬೇಕು," ಎಂದ ನಿರ್ದೇಶಕ ಫೆರಾಂದಿ.

ಆಮೇಲೆ ಇಸಾಲಿನ್‌ಳ ಮುಖ ಪರದೆ ತುಂಬಿತು. ಆಗಷ್ಟೇ ಅರಳಿದ ಮುಖ. ಗಲ್ಲದ ಎಡಕ್ಕೆ ಒಂದು ಪುಟ್ಟ ಗಾಯದ ಗುರುತು. ಮೀನಿನ ಗಾಳ ಚುಚ್ಚಿ ಆರ್ಮೆಲ್‌ಗೆ ಚಿಕ್ಕಂದಿನಲ್ಲಾದ ಗಾಯ ಅದು. ಅವಳು ಕತ್ತಲಲ್ಲೇ ತನ್ನ ಗಲ್ಲ ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಬಾಗಿಲ ಕಾವಲುಗಾರ ದಿನಾ ಬೆಳಿಗ್ಗೆ ಅವಳ ಹೆಸರು ಕೇಳತೊಡಗಿದ. ಬ್ರೆಡ್ಡಿನಂಗಡಿಯವಳು ಹೊಸ ಗಿರಾಕಿ ಎಂದುಕೊಂಡಳು. ಕನ್ನಡಿಯಲ್ಲಿ ಆವಿ ಕವಿದಂತಹ ಮುಖ. ಎಷ್ಟು ಒರೆಸಿದರೂ ತಿಳಿಯಾಗದು. ಒಂದು ಭಾನುವಾರ ಸ್ವಾಜಿಗ್ ಹಾಸಿಗೆಯಿಂದ ಜಿಗಿದೆದ್ದು ಗೋಡೆಗೆ ಆತುಕೊಂಡಳು.

"ಯಾರು ನೀನು? ನಮ್ಮಕ್ಕನ ಹಾಸಿಗೇಲಿ ಯಾಕೆ ಮಲಗಿದ್ದೀಯ?"

"ನಾನೇ ಕಣೇ. ನೋಡೇ ಸರಿಯಾಗಿ."

ತಂಗಿ ನೋಡಿದಳು. ನೋಡಿದಷ್ಟೂ ನಡುಗಿದಳು. ಕೊನೆಗೆ ಕಣ್ಣು ಮುಚ್ಚಿ, ಕೈ ಚಾಚಿ ಅಕ್ಕನ ಬೆರಳು ಹಿಡಿದಳು.

"ಕಿಟಕಿ ಮುಚ್ಚು ಅಕ್ಕ. ಕತ್ತಲಲ್ಲಿ ಮಾತ್ರ ನೀನು ನೀನೇ ಅನ್ಸತ್ತೆ."

ಆಮೇಲೆ ದನಿಯೂ ಸವೆಯತೊಡಗಿತು.

ಆರ್ಮೆಲ್ ಝೆಲಿಯ ಕಾಲ ಬಳಿ ಕುಸಿದಳು. ಮುದುಕಿ ಅವಳತ್ತ ನೋಡದೆಯೇ ಪಿಸುಗುಟ್ಟಿದಳು. "ಮದಾಮ್ ಅವರ ಮೇಜಿನ ಕೆಳಗಿನ ಖಾನೇಲಿ ಮೇಣದ ಗೊಂಬೆ ಇದೆ. ಒಂದ್ಸಲ ಕಣ್ಣಿಗೆ ಬಿತ್ತು. ಮತ್ತೆ ಆ ಖಾನೆ ಮುಟ್ಟಿಲ್ಲ ನಾನು."

"ಸುಟ್ರೆ ಬಿಡುಗಡೆನಾ?"

"ನಂಗೊತ್ತಿಲ್ಲ ಮಗಳೆ."

ಊಟದ ಹೊತ್ತಿಗೆ ಚಿತ್ರಶಾಲೆ ಬರಿದಾಯಿತು. ಆರ್ಮೆಲ್ ಇಸಾಲಿನ್‌ಳ ಕೋಣೆಗೆ ನುಗ್ಗಿದಳು. ಖಾನೆ ಎಳೆದಳು. ಒಣಗಿದ ಕುರಿಯ ಗುಂಡಿಗೆ, ಅದರ ತುಂಬ ಮೊಳೆ. ಪಕ್ಕದಲ್ಲಿ ಅಂಗೈಯಗಲದ ಗೊಂಬೆ. ಗೊಂಬೆಗೆ ಇಸಾಲಿನ್‌ಳ ಮುಖ. ತಲೆಗೆ ಹಲವು ಬಣ್ಣದ ಕೂದಲು: ಕಪ್ಪು, ಕಂದು, ಮತ್ತೆ ಅವಳದೇ ಕೆಂಚು ಗುಂಗುರು.

ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು.

"ನಾನು ಇಸಾಲಿನ್ ಅಲ್ಲ," ಎಂದಳು ಆ ಕೆಂಪು ಕಣ್ಣಿನ ಹೆಂಗಸು. "ನನ್ನ ಹೆಸರು ಒದೀಲ್. ಲಿಮೋಜ್‌ನಲ್ಲಿ ಪಿಂಗಾಣಿ ತಟ್ಟೆಗೆ ಬಣ್ಣ ಹಚ್ತಿದ್ದೆ. ನಂಗೊಬ್ಬ ಮಗ ಇದ್ದ. ಇಸಾಲಿನ್ ಯುದ್ಧಕ್ಕೆ ಮುಂಚೇನೇ ಸತ್ಲು. ಮುಖ ಸಾಯಬಾರದು ಅಂತ ಯಾರ ಕೈಲೋ ಮಾಟ ಮಾಡಿಸಿದ್ಳಂತೆ. ಮುಖ ಸಾಯಲಿಲ್ಲ. ಅದನ್ನ ಹೊರೋಕೆ ಯಾರಾದ್ರೂ ಬೇಕು."

"ನಾನು ಹೊರಲ್ಲ."

ಮೇಜಿನ ಮೇಲೆ ಸ್ಪಿರಿಟ್ ಒಲೆ ಉರಿಯುತ್ತಿತ್ತು. ಆರ್ಮೆಲ್ ಗೊಂಬೆಯನ್ನು ಅದರೊಳಗೆ ಒತ್ತಿ ಹಿಡಿದಳು. ಕೂದಲು ಚಟಚಟ ಸಿಡಿಯಿತು. ಹೊಗೆ ಗಂಟಲಿಗಿಳಿಯಿತು. ಮೇಣ ಕರಗಿತು. ಕರಗಿದ್ದು ಒಲೆಗೆ ಬೀಳಲಿಲ್ಲ. ಅವಳ ಕೆನ್ನೆ ಸುಟ್ಟಿತು. ಹಣೆ ಸುಟ್ಟಿತು. ರೆಪ್ಪೆಗಳ ಮೇಲೆ ಏನೋ ಹರಿಯಿತು. ತುಟಿ ಅಂಟಿತು. ಉಸಿರಿಲ್ಲ. ಕಿರುಚಬೇಕು. ಬಾಯಿಲ್ಲ. ಮತ್ತೆ ತಣ್ಣಗೆ. ಬಿಗಿಯಾಗಿ. ಎಲ್ಲವೂ ಗಟ್ಟಿಯಾಯಿತು.

"ಸುಡೋದೇ ಕೊನೇ ಶಾಸ್ತ್ರ," ಎಂದಳು ಒದೀಲ್. ಅವಳ ಪೌಡರು ಸಿಪ್ಪೆಸಿಪ್ಪೆಯಾಗಿ ಉದುರುತ್ತಿತ್ತು. ಒಳಗಿಂದ ಸಿಡುಬಿನ ಕಲೆಯ, ಬಡಕಲು ಮುಖವೊಂದು ಹೊರಬಂದಿತು. "ನಾನೂ ಸುಟ್ಟಿದ್ದೆ. ಬೆಳಗಾಗೋದ್ರಲ್ಲಿ ಅದು ಮತ್ತೆ ಖಾನೇಲೇ ಇರತ್ತೆ. ಇನ್ನೊಬ್ಳ ಕೂದಲು ಸಿಕ್ಕಿದ್ರೆ ನಿಂಗೂ ಬಿಡುಗಡೆ. ಕ್ಷಮಿಸು. ನನ್ನ ಮಗನಿಗೆ ನನ್ನ ಗುರುತು ಸಿಗತ್ತೋ ಇಲ್ವೋ, ನೋಡ್ಬೇಕು."

ಅವಳು ಓಡಿದಳು. ಅಂಗಳದಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಫೆರಾಂದಿ ಒಬ್ಬ ಹುಡುಗಿಯನ್ನು ಕರೆತಂದ.

"ಮದಾಮ್, ಗೇಟಿನ ಹತ್ರ ದಿನಾ ಅಳ್ತಾ ನಿಂತಿರ್ತಾಳೆ, ಅಕ್ಕ ಕಾಣಿಸ್ತಿಲ್ಲ ಅಂತ. ಗಲ್ಲ ನೋಡಿ, ಥೇಟ್ ನಿಮ್ಮದೇ. ನಿಮ್ಮ ಬದಲಿಗೆ ನಿಲ್ಲೋಕೆ ಇವಳನ್ನೇ ಇಟ್ಕೊಳ್ಳೋಣ."

ಸ್ವಾಜಿಗ್ ತಲೆ ತಗ್ಗಿಸಿ ನಿಂತಿದ್ದಳು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಬೆಂದ ಕೈಗಳು. ಹೆಗಲ ಮೇಲೆ ಕೆಂಚು ಜಡೆ. "ಕೆಲಸ ಕೊಡಿ ಮದಾಮ್. ಇಲ್ಲಿದ್ರೆ ನಮ್ಮಕ್ಕನ ಸುದ್ದಿ ಸಿಗಬಹುದು. ನೀವು ಏನು ಕೇಳಿದ್ರೂ ಕೊಡ್ತೀನಿ."

ಆರ್ಮೆಲ್‌ಳ ಕೈ ತಾನಾಗಿಯೇ ಕತ್ತರಿಯತ್ತ ಸರಿಯಿತು. ಒಂದು ಎಳೆ. ಒಂದೇ ಎಳೆ. ಮುಖದ ಒಳಗೆ ಏನೋ ಹಸಿದು ಬಾಯಿ ತೆರೆಯಿತು. ಬೆರಳುಗಳು ಕತ್ತರಿಯನ್ನು ಮುಟ್ಟಿದವು.

ಅದೇ ಕೈಯಲ್ಲಿ ಅವಳು ತಂಗಿಯ ಕೆನ್ನೆಗೆ ಬಾರಿಸಿದಳು.

"ನಾರ್ತಾಳೆ ಇವಳು, ಕೊಳೆಬಟ್ಟೆ ಒಗೆಯೋಳು. ನಿಮ್ಮಕ್ಕ ಯಾರ ಜೊತೆಗೋ ಓಡಿಹೋದ್ಳು. ನಡಿ ಆಚೆಗೆ."

ಸ್ವಾಜಿಗ್ ಕೆನ್ನೆ ಹಿಡಿದುಕೊಂಡು ಅವಳನ್ನೇ ದಿಟ್ಟಿಸಿದಳು. "ನಮ್ಮಕ್ಕ ನಿಮ್ಮ ಚಿತ್ರ ಗೋಡೆಗೆ ಅಂಟಿಸ್ಕೊಂಡಿದ್ಳು. ಇವತ್ತೇ ಹರಿದು ಬಿಸಾಕ್ತೀನಿ."

"ಹರಿ. ಹರಿದು ಊರಿಗೆ ಹೋಗು. ಮತ್ತೆ ಈ ಕಡೆ ತಲೆ ಹಾಕ್ಬೇಡ."

ಹುಡುಗಿ ನೆಲಕ್ಕೆ ಉಗಿದು ಹೊರಟುಹೋದಳು. ಅವಳ ಮರದ ಜೋಡುಗಳ ಸದ್ದು ಅಂಗಳ ದಾಟಿ, ಬೀದಿ ಸೇರಿ, ಕೇಳಿಸದಾಯಿತು.

"ಹಾಗಾದ್ರೆ ಬೇರೆ ಯಾರನ್ನ ಹುಡುಕ್ಲಿ?" ಎಂದ ಫೆರಾಂದಿ.

"ಯಾರೂ ಬೇಡ," ಎಂದಳು ಆರ್ಮೆಲ್. "ಇನ್ಮೇಲೆ ಎಲ್ಲಾ ದೃಶ್ಯಕ್ಕೂ ನಾನೇ ನಿಲ್ತೀನಿ."

ದೀಪಗಳು ಹೊತ್ತಿಕೊಂಡವು. ಅವಳು ಹೋಗಿ ಅವುಗಳ ಕೆಳಗೆ ನಿಂತಳು.