ಕಪ್ಪು ಹೊದಿಕೆಯ ಒಳಮೈ

ಹಸಿರು ದೀಪ ಹತ್ತಿತು. ಎದೆಗವಚ ಪಾಸು. ಮತ್ತೆ ಹಸಿರು. ಕತ್ತಿಯೂ ಪಾಸು.

ಮೇಜಿನ ಮೇಲೆ ಕೂತಿದ್ದ, ಹೊಲಿಗೆ ಯಂತ್ರದಷ್ಟೇ ದೊಡ್ಡದಾದ ಆ ಪೆಟ್ಟಿಗೆಯ ಹೆಸರು ಕರಸಾಕ್ಷಿ. ಅದರ ಕಿಂಡಿಯ ಮುಂದೆ ಏನನ್ನು ಹಿಡಿದರೂ ಅದು ಮನುಷ್ಯ ಮಾಡಿದ್ದೋ ಯಂತ್ರ ಮಾಡಿದ್ದೋ ಎಂದು ಆರು ಸೆಕೆಂಡಿನಲ್ಲಿ ಹೇಳಿಬಿಡುತ್ತಿತ್ತು. 2058ರ ಹುಬ್ಬಳ್ಳಿಯ ಕಾಸ್‌ಪ್ಲೇ ಮೇಳದಲ್ಲಿ ಅದರ ಅಪ್ಪಣೆಯಿಲ್ಲದೆ ಯಾರೂ ವೇದಿಕೆ ಹತ್ತುವಂತಿರಲಿಲ್ಲ.

ಕಾಸ್‌ಪ್ಲೇ ಎಂದರೆ ಆಟದ ಅಥವಾ ಕಥೆಯ ಪಾತ್ರದಂತೆ ವೇಷ ಕಟ್ಟಿಕೊಳ್ಳುವ ಹುಚ್ಚು. ಹುಚ್ಚು ಎಂದರೆ ವೇಷ ಕಟ್ಟುವವರಿಗೆ ಸಿಟ್ಟಿಲ್ಲ, ಅವರೇ ಹಾಗೆನ್ನುತ್ತಾರೆ. ಆ ಹೊತ್ತಿಗೆ ಮನೆಮನೆಯ ತ್ರೀಡಿ ಮುದ್ರಣಯಂತ್ರಗಳು ಊಟ ಮುಗಿಸುವಷ್ಟರಲ್ಲಿ ಕಿರೀಟದಿಂದ ಬೂಟಿನವರೆಗೆ ಎಲ್ಲವನ್ನೂ ಉದುರಿಸುತ್ತಿದ್ದವು. ಕೈಯಲ್ಲೇ ಮಾಡುವವರಿಗೆ ಉಳಿದಿದ್ದು ಇದೊಂದು ಮೇಳ. ಇಲ್ಲಿ ಯಂತ್ರದ ಕೆಲಸ ತಂದು ಸಿಕ್ಕಿಬಿದ್ದವರ ಹೆಸರನ್ನು ಹೆಬ್ಬಾಗಿಲ ಬೋರ್ಡಿಗೆ ಏರಿಸುತ್ತಿದ್ದರು. ಆಮೇಲೆ ಅವರಿಗೆ ಯಾವ ಮೇಳವೂ ಇಲ್ಲ, ಬದುಕಿರುವವರೆಗೂ.

ನೀಲಗಂಗಾ ಹಂಚಿನಮನಿ ರೈಲು ಬೋಗಿಗಳಿಗೆ ಬಣ್ಣ ಬಳಿಯುವ ಕೆಲಸದವಳು. ‘ಕಬ್ಬಿಣದ ಕಣಿವೆ’ ಎಂಬ ಆಟದ ದಳಪತಿ ತಾಮ್ರಾಕ್ಷಿಯ ವೇಷಕ್ಕೆ ಹದಿನಾಲ್ಕು ತಿಂಗಳು ತೆಗೆದುಕೊಂಡಿದ್ದಳು. ಫೋಮ್ ಹಾಳೆಯನ್ನು ಕತ್ತರಿಸಿ, ಬಿಸಿಗಾಳಿ ಹಿಡಿದು ಬಗ್ಗಿಸಿ, ಅಂಟಿಸಿ, ಮೇಲೆ ಬಣ್ಣ ಕೊಟ್ಟರೆ ಅದು ಕಿಲುಬು ಹಿಡಿದ ತಾಮ್ರವೇ! ಬೆನ್ನಿಗೆ ಇಳಿಬಿಡುವ ಕಪ್ಪು ಹೊದಿಕೆಯ ಕಸೂತಿಯನ್ನು ಮಾತ್ರ ಗೆಳತಿ ಶಮೀಮಾ ಹಾಕಿಕೊಟ್ಟಿದ್ದಳು. ಒಬ್ಬರ ನೆರವು ಪಡೆಯಲು ಅನುಮತಿಯಿತ್ತು, ಅರ್ಜಿಯಲ್ಲಿ ಅವಳ ಹೆಸರೂ ಇತ್ತು. ಇವತ್ತು ಅವಳೂ ಜೊತೆಗೆ ಬಂದಿದ್ದಳು.

ಹೊದಿಕೆ ಕಿಂಡಿಯ ಮುಂದೆ ಬಂತು. ಕೆಂಪು ದೀಪ.

“ಇನ್ನೊಮ್ಮೆ ನೋಡ್ರಿ,” ಎಂದಳು ನೀಲಗಂಗಾ. ಮತ್ತೆ ಕೆಂಪು. ಮೂರನೆಯ ಸಲವೂ ಕೆಂಪು.

ಕರಸಾಕ್ಷಿಯನ್ನು ಕಂಡುಹಿಡಿದ ಡಾಕ್ಟರ್ ಇಂದುಧರ ಬೆಳವಡಿ ಅಲ್ಲೇ ಕೂತಿದ್ದರು. “ಮನುಷ್ಯಾರ ಕೈ ಎಷ್ಟ ಗಟ್ಟಿ ಹಿಡಿದ್ರೂ ಸೆಕೆಂಡಿಗೆ ಹತ್ತು ಸಲ ಸಣ್ಣಗೆ ನಡಗತೈತ್ರಿ. ಆ ನಡುಕ ಕತ್ತರಿಸಿದ ಅಂಚಿನಾಗ, ಬ್ರಷ್ಷಿನ ಗೆರಿಯಾಗ, ಹೊಲಿಗಿಯಾಗ ಉಳೀತೈತಿ. ಇದರಾಗ ಒಂದೀಟೂ ಇಲ್ಲ. ನನ್ನ ಪೆಟ್ಟಿಗಿ ಹನ್ನೊಂದು ಸಾವಿರ ಸಾಮಾನು ನೋಡೇತಿ, ಒಮ್ಮೆನೂ ತಪ್ಪಿಲ್ಲ.”

“ಶಮೀಮಾ ಏಳು ತಿಂಗಳು ಕುಂತು ಹಾಕ್ಯಾಳ್ರಿ ಇದನ್ನ!”

“ನೀವು ನೋಡೀರೇನು, ಹಾಕೋದನ್ನ?”

ನೀಲಗಂಗಾ ನೋಡಿರಲಿಲ್ಲ. ಶಮೀಮಾ ಬಾಗಿಲು ಹಾಕಿಕೊಂಡೇ ಕೂರುತ್ತಿದ್ದಳು. ಆಮೇಲೆ ಒಳಗೆ ಅಸ್ತರಿ ಬಟ್ಟೆ ಹಚ್ಚಿಯೇ ಹೊದಿಕೆ ಕೊಟ್ಟಿದ್ದಳು, ಒಳಮೈ ಕಾಣದ ಹಾಗೆ. ಇಷ್ಟು ದಿನ ಸಾದಾ ಅನ್ನಿಸಿದ್ದ ಎರಡು ಸಂಗತಿಗಳು ಈಗ ಒಂದರ ಪಕ್ಕ ಒಂದು ಬಂದು ನಿಂತವು.

ನೀಲಗಂಗಾ ತಾನೇ ಕತ್ತರಿ ಇಸಿದುಕೊಂಡು ಅಸ್ತರಿಯ ಹೊಲಿಗೆ ಬಿಚ್ಚಿದಳು. ಒಳಮೈ ತಿರುವಿದಳು. ಒಂದು ಗಂಟಿಲ್ಲ, ನೇತಾಡುವ ಒಂದು ದಾರವಿಲ್ಲ. ಮೇಲೆ ಹೇಗೋ ಒಳಗೂ ಹಾಗೇ, ಅದೇ ಹಕ್ಕಿ, ಅದೇ ಗೋಪುರ. ಫೋಮಿನ ಕವಚವನ್ನು ತಿರುವಿ ನೋಡಿದರೆ ಅಂಟು, ಪೆನ್ಸಿಲ್ ಗೀಟು, ಸುಟ್ಟ ಕಲೆ. ಕೈಕೆಲಸದ ಒಳಮೈ ಹೊಲಸೇ ಇರಬೇಕು ಎಂದು ಇಪ್ಪತ್ತು ವರ್ಷ ಕೈಯಲ್ಲೇ ವೇಷ ಕಟ್ಟಿದ ಅವಳಿಗೆ ಖಾತ್ರಿಯಾಗಿತ್ತು. ಇಷ್ಟು ಚೊಕ್ಕಟ ಎಲ್ಲಿಂದ ಬರಬೇಕು?

ಹಿಂದೆ ನಿಂತಿದ್ದ ಶಮೀಮಾಳ ಕಡೆ ತಿರುಗಿದಳು. “ಖರೇ ಹೇಳು. ಮಷೀನಿಗೆ ಕೊಟ್ಟಿದ್ದಿ, ಹೌದಲ್ಲ?”

“ಏನಂದಿ?”

“ಬಾಗಲಾ ಯಾಕ ಹಾಕ್ಕೊಂತಿದ್ದಿ ಮತ್ತ?”

“ಎಳಿ ಎಣಸಾಕವಾ! ಕಸೂತಿ ಅಂದ್ರ ಬಟ್ಟಿ ಎಳಿ ಎಣಿಸಿ ಹಾಕೋದು. ನೀ ಬಂದ್ರ ನಿನ್ನ ಬಾಯಿಗೆ ಬಿಡುವಿಲ್ಲ, ನನ್ನ ಎಣಿಕಿ ತಪ್ಪತೈತಿ.” ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಶಮೀಮಾ ನಗಲಿಲ್ಲ. “ಅವ್ರು ಕೇಳಲಿ, ಬಿಡು. ನೀ ಕೇಳಾಕತ್ತೀಯಲ್ಲ ನೀಲಾ.”

ನೀಲಗಂಗಾಳ ಕಣ್ಣು ಮತ್ತೆ ಹೊದಿಕೆಯ ಒಳಮೈಗೇ ಹೋಯಿತು.

ಶಮೀಮಾ ಚೀಲದಿಂದ ಸೂಜಿ, ಬಿಳಿ ದಾರ ತೆಗೆದು ಕುರ್ಚಿ ಎಳೆದುಕೊಂಡಳು. ಹೊದಿಕೆಯ ಖಾಲಿ ಮೂಲೆಯಲ್ಲಿ ಹಾಕತೊಡಗಿದಳು. ಗವಂತಿ ಎಂಬ ಹೊಲಿಗೆ ಅದು. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬಿಕೊಂಡು ಹೊರಟಲ್ಲಿಗೇ ವಾಪಸು. ಹಾಗಾಗಿ ಎರಡೂ ಮೈ ಒಂದೇ. ದಾರದ ತುದಿಯನ್ನೂ ಹೊಲಿಗೆಯೊಳಗೇ ಅಡಗಿಸಬೇಕು, ಗಂಟು ಹಾಕುವುದು ನಾಚಿಕೆಗೇಡು. ಒಬ್ಬ ಸ್ವಯಂಸೇವಕ “ತೋಳು ಮಡಚ್ರಿ” ಎಂದ. ಮಡಚಿದಳು. ಇನ್ನೊಬ್ಬ ಅವಳ ಬೆರಳುಗಳ ಮೇಲೆ ಕ್ಯಾಮೆರಾ ಹಿಡಿದ. ಇಪ್ಪತ್ತು ನಿಮಿಷ ಅಷ್ಟೂ ಜನ ಕಳ್ಳಿಯನ್ನು ನೋಡುವ ಹಾಗೆ ಅವಳನ್ನು ನೋಡಿದರು. ಒಂದು ಪುಟ್ಟ ಹಕ್ಕಿ ಮೂಡಿತು.

ಆ ಹಕ್ಕಿಯನ್ನು ಕಿಂಡಿಗೆ ಹಿಡಿದರು. ಕೆಂಪು ದೀಪ!

“ಹಂಗಾರ ನಾನ ಮಷೀನು,” ಎಂದಳು ಶಮೀಮಾ. “ಬರಕೊಳ್ರಿ.”

ಡಾಕ್ಟರ್ ಬೆಳವಡಿಯವರು ಆ ಹಕ್ಕಿಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಅವರ ಮುಖ ಇಳಿಯಿತು.

“ಸೂಜಿ ಎಲ್ಲಿ ಇಳೀಬೇಕು ಅನ್ನೋದನ್ನ ಇಲ್ಲಿ ಕೈ ಹೇಳಂಗಿಲ್ಲ, ಬಟ್ಟಿ ಹೇಳತೈತಿ. ಎರಡು ಎಳಿ ನಡುವಿನ ಸಂದಿಗೇ ಸೂಜಿ ಇಳೀತೈತಿ, ಕೈಯಿನ ನಡುಕ ಅಲ್ಲೇ ಅಡಗತೈತಿ. ನನಗ ಹೊಳೀಲೇ ಇಲ್ಲ.” ಭೂತಗನ್ನಡಿ ಕೆಳಗಿಟ್ಟು, “ಒಮ್ಮೆನೂ ತಪ್ಪಿಲ್ಲ ಅಂತ ನಾ ಹೆಂಗಂದೆ? ‘ನಾನೇ ಮಾಡೀನಿ’ ಅಂದವರ ಮಾತು ಯಾರೂ ಕೇಳಿರಲಿಲ್ಲ, ಅದಕ್ಕ ಅಂದೆ. ಆ ಬೋರ್ಡಿನ ಮ್ಯಾಲ ಇಪ್ಪತ್ಮೂರು ಹೆಸರವ…” ಎಂದರು. ಹೊದಿಕೆಗೆ ತಾವೇ ಪಾಸು ಬರೆದುಕೊಟ್ಟರು.

ನೀಲಗಂಗಾ ವೇದಿಕೆ ಹತ್ತಿದಳು. ಚಪ್ಪಾಳೆಯೂ ಬಿತ್ತು. ಬೆನ್ನ ಮೇಲೆ ಹೊದಿಕೆ ಹಾರಿಸುತ್ತ ತಿರುಗಿ ನೋಡಿದರೆ ಶಮೀಮಾ ಕೂತಿದ್ದ ಕುರ್ಚಿ ಖಾಲಿಯಿತ್ತು.

ಡಾಕ್ಟರು ಕರಸಾಕ್ಷಿಯನ್ನು ಆರು ತಿಂಗಳಲ್ಲಿ ತಿದ್ದಿದರು. ಬೋರ್ಡನ್ನೂ ಇಳಿಸಿದರು, ಆದರೆ ಅದರಲ್ಲಿದ್ದವರಲ್ಲಿ ನಾಲ್ವರು ಮಾತ್ರ ಮೇಳಕ್ಕೆ ಮರಳಿದರು. ಅಷ್ಟರಲ್ಲಿ ಕಸೂತಿಯವರು ಕೆಂಪು ದೀಪ ತಪ್ಪಿಸಿಕೊಳ್ಳಲು ಬೇಕೆಂದೇ ಸೊಟ್ಟ ಹಾಕಲು ಕಲಿತಿದ್ದರು. ಮುದ್ರಣಯಂತ್ರಗಳೂ ಬೇಕೆಂದೇ ನಡುಗಲು ಕಲಿತಿದ್ದವು. ಯಾರ ಸೊಟ್ಟ ಖರೆ, ಯಾರದು ಸುಳ್ಳು ಎಂದು ನೋಡಲು ಇನ್ನೂ ದೊಡ್ಡ ಪೆಟ್ಟಿಗೆ ಬಂತು.

ನೀಲಗಂಗಾ ಮರುದಿನವೇ ಶಮೀಮಾಳ ಮನೆಗೆ ಹೋಗಿ “ತಪ್ಪಾತು” ಎಂದು ಕೈಹಿಡಿದು ಅತ್ತಿದ್ದಳು. ಶಮೀಮಾ ಚಹಾ ಮಾಡಿಕೊಟ್ಟು “ಇರಲಿ ಬಿಡವಾ” ಎಂದಿದ್ದಳು. ಮರುವರ್ಷದ ವೇಷಕ್ಕೂ ಹೊದಿಕೆ ಹಾಕಿಕೊಟ್ಟಳು. ಈ ಸಲ ಬಾಗಿಲು ತೆರೆದೇ ಇತ್ತು. ನೀಲಗಂಗಾ ಒಮ್ಮೆಯೂ ಒಳಗೆ ಹೋಗಲಿಲ್ಲ, ಹೋದರೆ ಪರೀಕ್ಷೆ ಮಾಡಲು ಬಂದಳು ಎಂದು ಶಮೀಮಾ ಅಂದುಕೊಂಡಾಳೆಂಬ ಅಂಜಿಕೆ.

ಹೊದಿಕೆ ಕೈಗೆ ಬಂದ ದಿನ ಅವಳು ಅದನ್ನು ತಿರುವಿದಳು. ಬೇಡ ಬೇಡ ಎಂದುಕೊಳ್ಳುತ್ತಲೇ ತಿರುವಿದಳು. ಒಳಮೈಯ ನಡುಮಧ್ಯದಲ್ಲಿ ಒಂದು ಗಂಟಿತ್ತು. ಹತ್ತು ವರ್ಷದವಳಿದ್ದಾಗ ಸೂಜಿ ಹಿಡಿದ ಶಮೀಮಾ ತನ್ನ ಇಡೀ ಬದುಕಿನಲ್ಲಿ ಹಾಕಿದ ಮೊದಲ ಗಂಟು.

“ಗಂಟ್ಯಾಕ ಹಾಕ್ದಿ? ಪೆಟ್ಟಿಗಿ ಸರಿಯಾಗೇತಿ ಈಗ, ಅದಕ್ಕ ಬೇಕಿಲ್ಲ.”

“ಪೆಟ್ಟಿಗಿಗಲ್ಲ,” ಎಂದಳು ಶಮೀಮಾ, ದಾರ ಸುತ್ತಿಡುತ್ತ. “ನಿನಗ ಹಾಕೀನಿ. ತಿರುವಿ ನೋಡ್ತಿ ಅಂತ ಗೊತ್ತಿತ್ತು.”

ಅಂಥ ಪೆಟ್ಟಿಗೆ ಇನ್ನೂ ನಮ್ಮ ನಡುವೆ ಬಂದಿಲ್ಲ. ಆದರೂ ಯಾರಾದರೂ ತಾವು ಬರೆದ ಚಿತ್ರವನ್ನೋ ಪದ್ಯವನ್ನೋ ಮುಂದೆ ಹಿಡಿದರೆ, ಚೆನ್ನಾಗಿದೆ ಎನ್ನುವ ಮೊದಲು “ನೀನೇ ಬರೆದದ್ದಾ?” ಎಂದು ಕೇಳುವ ಚಾಳಿ ಆಗಲೇ ಶುರುವಾಗಿದೆ. ಮೊನ್ನೆ ನನ್ನ ಬಾಯಿಂದಲೂ ಅದೇ ಮಾತು ಬಂತು. ಕೇಳಿಸಿಕೊಂಡವಳು ಚಿತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.